ಯಕ್ಷಗಾನದ ಆಟದ ರೆಕಾರ್ಡಿಂಗಿಗೆ ಹಾರ್ಡ್‌ಡಿಸ್ಕೋ, ಎಸ್‌ಎಸ್‌ಡಿಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಎಸ್‌ಎಸ್‌ಡಿಗೆ, ಅಂದರೆ ಚಿಪ್ಪಿನಲ್ಲೇ ಫೈಲು ಇಡುವ ಡ್ರೈವಿಗೆ. ಹೊನ್ನಾವರ, ಕುಮಟಾ ಕಡೆ ಯಕ್ಷಗಾನ ಇದ್ದಲ್ಲೆಲ್ಲ ಕ್ಯಾಮೆರಾ ಹೊತ್ತು ಹೋಗುವವನು ನಾನು. ಗಂಟೆಗೆ ಸುಮಾರು 10 ಜಿಬಿ ತುಂಬುತ್ತದೆ. ಬೆಳಗಿನವರೆಗಿನ ಆಟಕ್ಕೆ 80 ಜಿಬಿ ಬೇಕೇ ಬೇಕು.

2012ರ ಶುರುವಿನಲ್ಲಿ 500 ಜಿಬಿ ಹಾರ್ಡ್‌ಡಿಸ್ಕಿಗೆ 5,200 ರೂಪಾಯಿ ಕೊಟ್ಟಿದ್ದೆ. ಹಿಂದಿನ ವರ್ಷ ಥಾಯ್ಲೆಂಡಿನ ನೆರೆಯಲ್ಲಿ ಡಿಸ್ಕ್ ಕಾರ್ಖಾನೆಗಳು ಮುಳುಗಿ ರೇಟು ಏರಿತ್ತು. ಒಂದು ಆಟ ಇಟ್ಟುಕೊಳ್ಳಲು 830 ರೂಪಾಯಿ! ಹಾಗಾಗಿ ಚೆನ್ನಾಗಿದ್ದದ್ದನ್ನು ಇಟ್ಟು ಉಳಿದದ್ದನ್ನು ಅಳಿಸುತ್ತಿದ್ದೆ. ಈಗ ನೆನೆದರೆ ಕರುಳು ಚುರ್ ಅನ್ನುತ್ತದೆ. 2018ರಲ್ಲಿ 1 ಟಿಬಿ ಡಿಸ್ಕು 3,900ಕ್ಕೆ ಸಿಕ್ಕಿತು. ಆಟಕ್ಕೆ 312 ರೂಪಾಯಿ.

ಆದರೆ ಆ 2018ರ ಡಿಸ್ಕಿನ ಕೇಬಲ್ ನನ್ನನ್ನು ಹಣ್ಣು ಮಾಡಿತು. ಡಿಸ್ಕಿಗೆ ಸಿಕ್ಕಿಸುವ ತುದಿ ಅಗಲ, ಚಪ್ಪಟೆ, ನಡುವೆ ಒಂದು ಕಚ್ಚು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಡಿಲವಾಯಿತು. ಟಾರ್ಚ್ ಬಿಟ್ಟು ನೋಡಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು. ಕಡಲಿನ ಉಪ್ಪುಗಾಳಿ, ಅಲ್ವಾ? ಘಟ್ಟದ ಮೇಲೆ ಶಿರಸಿಯಲ್ಲಿರುವ ಭಾವ ಅದೇ ಮಾದರಿಯ ಡಿಸ್ಕನ್ನು ಇವತ್ತಿಗೂ ಬಳಸುತ್ತಿದ್ದಾರೆ.

ಹೊಸ ಕೇಬಲ್ ತಂದೆ. ಸ್ವಲ್ಪ ದಿನ ಸರಿ ಇತ್ತು, ಮತ್ತೆ ಅದೇ ಹಾಡು. ಸವೆದದ್ದು ಡಿಸ್ಕಿನ ಬಾಯಿ. ಕೇಬಲ್ ಕೆಳಗೆ ಬೆಂಕಿಪೊಟ್ಟಣ ಕೊಟ್ಟು, ರಬ್ಬರ್ ಬ್ಯಾಂಡ್ ಸುತ್ತಿ, ಉಸಿರು ಬಿಗಿಹಿಡಿದು ಕಾಪಿ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಅವಸರಕ್ಕೆ ಕ್ಯಾಮೆರಾದ ಕಾರ್ಡಿನಿಂದ ಕಟ್ ಮಾಡಿ ಪೇಸ್ಟ್ ಕೊಟ್ಟಿದ್ದೆ. ಚಹಾ ಲೋಟ ಇಡುವಾಗ ಮೇಜು ಅಲ್ಲಾಡಿತು, ಡಿಸ್ಕು ಮಾಯ. ತಿರುಗಿ ಸಿಕ್ಕಿಸಿದರೆ ಫಾರ್ಮ್ಯಾಟ್ ಮಾಡಬೇಕಾ ಎಂದು ಕೇಳಿತು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ 12,000 ಕೊಟ್ಟು ಹಳೆಯದನ್ನೆಲ್ಲ ತೆಗೆಸಿದೆ. ಆ ರಾತ್ರಿಯ ಕೊನೆಯ ಎರಡು ಗಂಟೆ ಮಾತ್ರ ಬರಲಿಲ್ಲ. ಭಾಗವತರು ಬೆಳಗಿನ ಜಾವ ಹಾಡಿದ ಭೈರವಿಯ ಪದ ಅದರಲ್ಲಿತ್ತು.

2023ರಲ್ಲಿ 1 ಟಿಬಿ ಎಸ್‌ಎಸ್‌ಡಿ 5,800ಕ್ಕೆ ತಂದೆ. ಟೈಪ್-ಸಿ ತುದಿ, ಗಟ್ಟಿಯಾಗಿ ಕೂರುತ್ತದೆ. ಒಳಗೆ ತಿರುಗುವ ತಟ್ಟೆ ಇಲ್ಲ, ಬೈಕಿನ ಕುಲುಕಾಟಕ್ಕೂ ಹೆದರಬೇಕಿಲ್ಲ. ಕಾರ್ಡಿನಿಂದ ಇಳಿಸುವಾಗ ವೇಗದ ವ್ಯತ್ಯಾಸ ಕಾಣುವುದಿಲ್ಲ, ಕಾರ್ಡೇ ನಿಧಾನ. ಎಡಿಟಿಂಗಿಗೆ ಕೂತಾಗ ಗೊತ್ತಾಗುತ್ತದೆ.

ಹಾಗಂತ ಹಾರ್ಡ್‌ಡಿಸ್ಕ್ ಬಿಟ್ಟಿಲ್ಲ. ಎಸ್‌ಎಸ್‌ಡಿಯನ್ನು ಕರೆಂಟಿಲ್ಲದೆ ವರ್ಷಗಟ್ಟಲೆ ಸುಮ್ನೆ ಇಟ್ಟರೆ ಒಳಗಿನ ಚಾರ್ಜ್ ಸೋರಿ ಫೈಲು ಕೆಡಬಹುದು. ಅದಕ್ಕೆ ಎರಡನೇ ಪ್ರತಿ 5,600 ರೂಪಾಯಿಯ 2 ಟಿಬಿ ಹಾರ್ಡ್‌ಡಿಸ್ಕಿನಲ್ಲಿದೆ. ಮುಚ್ಚಳ ಬಿಗಿಯಾದ ಡಬ್ಬಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ.

ನನ್ನ ಹಾಗೆ ಕರಾವಳಿಯಲ್ಲಿದ್ದು ವಾರಕ್ಕೆರಡು ಸಲ ಕೇಬಲ್ ಹಾಕಿ ತೆಗೆಯುವವರು ಎಸ್‌ಎಸ್‌ಡಿಯನ್ನೇ ಕೊಳ್ಳಿ. ನಾನು ಕೊಟ್ಟ ಬೆಲೆಯಲ್ಲಿ ಎರಡೂ ಪ್ರತಿ ಸೇರಿ ಆಟಕ್ಕೆ ಸುಮಾರು 700 ರೂಪಾಯಿ ಆಯಿತು, 2012ರ ಒಂದು ಪ್ರತಿಗಿಂತ ಕಡಿಮೆ. ಈಗ ಯಾವ ಆಟವನ್ನೂ ಅಳಿಸುತ್ತಿಲ್ಲ, ಗೆಜ್ಜೆ ಕಟ್ಟಲು ಈಗಷ್ಟೇ ಕಲಿತ ಮಕ್ಕಳದ್ದನ್ನೂ.