ಮಗನ ಹೊಟ್ಟೆನೋವಿಗೆ ಸಿಬಿಟಿ: ಮಂಗಳೂರಿಗೆ ಹೋಗುವುದೋ, ಮೊಬೈಲೇ ಸಾಕೋ?

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಕೂತು ಮಗುವಿನ ಹಳೇ ಹೊಟ್ಟೆನೋವಿಗೆ ಸಿಬಿಟಿ, ಅಂದರೆ ಯೋಚನೆ ಮತ್ತು ಅಭ್ಯಾಸ ತಿದ್ದುವ ಚಿಕಿತ್ಸೆ, ಕೊಡಿಸಲು ನಮಗೆ ಸಿಕ್ಕ ದಾರಿ ಮೂರು. ಮಂಗಳೂರಿಗೆ ಹೋಗಿ ಎದುರು ಕೂತು ಮಾತಾಡುವುದು, ವಿಡಿಯೋ ಕಾಲ್, ಇಲ್ಲವೇ ರೆಕಾರ್ಡ್ ಮಾಡಿದ ಪಾಠ. ನಾಲ್ಕನೇ ಕ್ಲಾಸಿನ ಮಗನಿಗೆ ಮೂರನ್ನೂ ಮಾಡಿಸಿದ್ದೇವೆ. ನನ್ನ ಓಟು ವಿಡಿಯೋ ಕಾಲ್‌ಗೆ.

ಇದೆಲ್ಲ ಮಕ್ಕಳ ಡಾಕ್ಟರು ನೋಡಿ ಬೇರೆ ಕಾಯಿಲೆ ಇಲ್ಲ ಅಂದ ಮೇಲಿನ ಮಾತು. ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ಪದೇ ಪದೇ ಜ್ವರ ಬಂದರೆ, ನೋವಿನಿಂದ ರಾತ್ರಿ ಎಚ್ಚರವಾದರೆ ಡಾಕ್ಟರ ಹತ್ತಿರವೇ ಓಡಬೇಕು. ಬೇರೆ ಕಾಯಿಲೆ ಇಲ್ಲ ಅಂದ ಮಾತ್ರಕ್ಕೆ ಮಗನ ನೋವು ನಾಟಕವಲ್ಲ. ಕರುಳಿನ ನರಗಳು ತುಂಬ ಸೂಕ್ಷ್ಮವಾದರೆ ಸುಮ್ನೆ ಗ್ಯಾಸ್ ಆದರೂ ನೋಯುತ್ತದೆ. ಹೆದರಿಕೆ ಸೇರಿದರೆ ಇನ್ನೂ ಜಾಸ್ತಿ.

ಮಂಗಳೂರಿನ ಥೆರಪಿಸ್ಟ್ ಒಳ್ಳೆಯವರು. ಬಾಗಿಲು ಹಾಕಿಕೊಂಡು ಮಾತಾಡಿದ್ದಕ್ಕೇ ಮಗ ಗಣಿತ ಕ್ಲಾಸಿನ ಭಯ ಬಾಯಿಬಿಟ್ಟ. ಆದರೆ ಕುಂಬಳೆಗೆ ಬಸ್ಸು, ಅಲ್ಲಿಂದ ರೈಲು, ಮನೆಗೆ ಬರುವಾಗ ಸಂಜೆ. ಹೊಟ್ಟೆನೋವು ಅಂತ ಶಾಲೆ ತಪ್ಪಿಸಬೇಡ ಎಂಬ ಪಾಠ ಕೇಳಲು ಶಾಲೆ ತಪ್ಪಿಸಿ ಹೋಗುವುದು! ಮೇಲಿಂದ ಗಡ್‌ಬಡ್ ಐಸ್‌ಕ್ರೀಂ ಬೇರೆ.

ರೆಕಾರ್ಡ್ ಪಾಠ ಅಗ್ಗ, ಆದರೆ ಇಂಗ್ಲಿಷಿನದ್ದು. ಪಕ್ಕದಲ್ಲಿ ಕೂತು ನಾನೇ ಮೇಷ್ಟ್ರಾಗಬೇಕಾಯಿತು. ಮಾಡಿದೆಯಾ ಅಂತ ಕೇಳುವವರಿಲ್ಲ, ಮಗ ಓಡಿಸಿ ಓಡಿಸಿ ಮುಗಿಸಿದ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು 8ರಿಂದ 12 ವರ್ಷದ 90 ಮಕ್ಕಳೊಂದಿಗೆ ಮಾಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹತ್ತು ವಾರದ ಆನ್‌ಲೈನ್ ಸಿಬಿಟಿ ಪಡೆದ ಮಕ್ಕಳ ಹೊಟ್ಟೆಯ ತೊಂದರೆ, ಮಾಮೂಲಿ ಚಿಕಿತ್ಸೆಯವರಿಗಿಂತ ಚೆನ್ನಾಗಿ ತಗ್ಗಿತ್ತು. ಅಲ್ಲೂ ಮಕ್ಕಳಿಗೆ, ಅಪ್ಪ ಅಮ್ಮಂದಿರಿಗೆ ಉತ್ತರ ಬರೆಯುವ ಥೆರಪಿಸ್ಟ್ ಇದ್ದರು. ಬರೀ ಪಾಠ ಅಲ್ಲ.

ವಿಡಿಯೋ ಕಾಲ್ ಗೆದ್ದದ್ದು ನಮ್ಮ ಅಡುಗೆಮನೆಯಲ್ಲಿ. ಮಗ ಗಂಜಿ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಥೆರಪಿಸ್ಟ್ ನೋಡುತ್ತಿದ್ದಂತೆಯೇ ಒಂದು ತುಂಡು ದೋಸೆ ತಿಂದ, ಮುಂದಿನ ವಾರ ಚಟ್ನಿ ಜೊತೆ. ಹೆದರಿಕೆ ಹುಟ್ಟಿಸುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದೇ ಈ ಚಿಕಿತ್ಸೆಯ ಮುಖ್ಯ ಕೆಲಸ. ಅಜ್ಜಿಯೂ ಸಿಕ್ಕಿಬಿದ್ದರು. ದಿನಾ ಬೆಳಗ್ಗೆ "ನೋವು ಉಂಟಾ ಮಗಾ?" ಅಂತ ಕೇಳುವವರು ಅವರೇ. ಮಂಗಳೂರಿಗೆ ಅವರು ಬರುತ್ತಲೇ ಇರಲಿಲ್ಲ. "ನೋವಿನ ಸುದ್ದಿ ಎತ್ತಬೇಡಿ ಅಮ್ಮಾ, ಅವನು ಚೆನ್ನಾಗಿರುವಾಗ ಜೊತೆ ಆಡಿ" ಅಂದರು ಥೆರಪಿಸ್ಟ್. ಈಗ ಚೆನ್ನೆಮಣೆ ನಡೆಯುತ್ತಿದೆ. ಅಜ್ಜಿಯ ಓಮದ ನೀರಿಗೆ ಥೆರಪಿಸ್ಟರ ಅಡ್ಡಿ ಇಲ್ಲ, ಮಗ ಮುಖ ಕಿವುಚಿದಾಗಲೆಲ್ಲ ಲೋಟ ಹಿಡಿದು ಓಡಬಾರದು ಅಷ್ಟೇ.

ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ಕೈಕೊಡುತ್ತವೆ. ಗುಟ್ಟು ಹೇಳಲು ಮನೆಯಲ್ಲಿ ಮೂಲೆಯೂ ಸಿಗುವುದಿಲ್ಲ. ನೋವು ಪೂರ್ತಿ ಹೋಗಿಲ್ಲ, ಆದರೆ ಶಾಲೆಗೆ ಹೋಗುತ್ತಾನೆ. ನನ್ನ ಕೇಳಿದರೆ, ಮೊದಲ ಭೇಟಿ ಎದುರು ಕೂತೇ ಆಗಲಿ, ಅದೂ ಶಾಲೆಗೆ ರಜೆ ಇರುವಾಗ. ಆಮೇಲೆ ವಿಡಿಯೋ. ಎಲ್ಲಿಂದ ಶುರು ಮಾಡುವುದು ಗೊತ್ತಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು.