ರಿಪೇರಿಯಾದ ಪವರ್ ಸಪ್ಲೈಗೆ ಮೊದಲು ಬಲ್ಬ್ ಸಿಕ್ಕಿಸಿ, ರೇಡಿಯೋ ಬೇಡ

ಮನೆಯ ಕರೆಂಟನ್ನ 13.8 ವೋಲ್ಟ್ ಡಿಸಿ ಮಾಡಿಕೊಡೋ ನನ್ನ ಹಳೇ ಪವರ್ ಸಪ್ಲೈ ಈಗ ಚೆನ್ನಾಗಿ ಕೆಲಸ ಮಾಡ್ತಿದೆ. ಅದರಿಂದ ನಡೀತಿದ್ದ, ಕೇಳೋಕೂ ಮಾತಾಡೋಕೂ ಆಗೋ ರೇಡಿಯೋ ಸೆಟ್ ಮಾತ್ರ ಹೋಯ್ತು. ತಪ್ಪು ಪೂರ್ತಿ ನನ್ನದೇ.

ಶುರುವಾಗಿದ್ದು ಒಂದು ಗುಂಯ್ ಸದ್ದಿನಿಂದ. ಸುಮ್ಮನೆ ಕೇಳ್ತಾ ಕೂತಿದ್ದರೆ ಏನೂ ಇಲ್ಲ, ಮಾತಾಡೋಕೆ ಬಟನ್ ಒತ್ತಿದರೆ ಗುಂಯ್. ಸೆಟ್‌ನ ತಂತಿ ಕಳಚಿಟ್ಟು ಸಪ್ಲೈನ ಔಟ್‌ಪುಟ್‌ಗೆ ಮೀಟರ್ ಹಿಡಿದೆ: ಸರಿಯಾಗಿ 13.8. ಲೋಡ್, ಅಂದರೆ ಕರೆಂಟ್ ಎಳೆಯೋ ಉಪಕರಣ, ಇಲ್ಲದಾಗ ಕೆಟ್ಟ ಸಪ್ಲೈ ಕೂಡ ಸಾಧುವಾಗಿ ಕಾಣಬಹುದು, ಮಾತಾಡುವಾಗಲೇ ಸೆಟ್ ಜಾಸ್ತಿ ಕರೆಂಟ್ ಎಳೆಯೋದು ಅನ್ನೋದು ಆಗ ತಲೆಗೆ ಹೊಳೀಲಿಲ್ಲ. ಲೋಡ್ ಹಾಕಿದಾಗ 13ಕ್ಕೆ ಇಳೀತು. ಔಟ್‌ಪುಟ್‌ಗೆ ಹೋಗೋ ಕರೆಂಟನ್ನ ನಲ್ಲಿಯ ಹಾಗೆ ಹಿಡಿದು ಬಿಡೋ ಪಾಸ್ ಟ್ರಾನ್ಸಿಸ್ಟರ್ ಹೋಗಿದೆ ಅಂತ ತೀರ್ಮಾನಿಸಿ, ಅದನ್ನ (2ಎನ್3055) ಬದಲಾಯಿಸಿದೆ. ತೆಗೆದ ಹಳೇದನ್ನ ಮೀಟರಿನ ಡಯೋಡ್ ರೇಂಜ್‌ನಲ್ಲಿ ನೋಡಿದರೆ ಬೇಸ್–ಎಮಿಟರ್ 0.6, ಕಲೆಕ್ಟರ್–ಎಮಿಟರ್ ಶಾರ್ಟ್ ಇಲ್ಲ. ಗಟ್ಟಿಮುಟ್ಟಾಗಿತ್ತು ಪಾಪ. ಆಮೇಲೆ ಆ ಟ್ರಾನ್ಸಿಸ್ಟರನ್ನ ನಡೆಸೋ 723 ಐಸಿಯನ್ನೂ ಬದಲಾಯಿಸಿದೆ. ಗುಂಯ್ ಹಾಗೇ ಇತ್ತು.

ಈ ಎರಡೂ ಸೇರಿ ವೋಲ್ಟೇಜನ್ನ 13.8ರಲ್ಲಿ ನಿಲ್ಲಿಸೋ ರೆಗ್ಯುಲೇಟರ್. ನೋಡಬೇಕಿದ್ದದ್ದು ಅದಕ್ಕಿಂತ ಹಿಂದೆ. 18 ವೋಲ್ಟ್ ಟ್ರಾನ್ಸ್‌ಫಾರ್ಮರ್, ಎಸಿಯನ್ನ ಡಿಸಿ ಮಾಡೋ ಬ್ರಿಡ್ಜ್ ದಾಟಿದ ಮೇಲೆ, ಏರಿಳಿತ ತುಂಬಿಕೊಡೋ ಫಿಲ್ಟರ್ ಕೆಪಾಸಿಟರ್ ಮೇಲೆ ಲೋಡ್ ಇಲ್ಲದೆ ಹತ್ತಿರ ಹತ್ತಿರ 24 ವೋಲ್ಟ್. ಲೋಡ್ ಹಾಕಿದಾಗ ಮೀಟರ್ 18 ತೋರಿಸ್ತು. ಸಾಕಲ್ವಾ ಅನ್ಸುತ್ತೆ. ಆದರೆ ಡಿಸಿ ರೇಂಜ್ ತೋರಿಸೋದು ಸರಾಸರಿ. ಕೆಪಾಸಿಟರ್ ಒಣಗಿದ್ದರೆ ಸೆಕೆಂಡಿಗೆ 100 ಸಲ ಆ ವೋಲ್ಟೇಜ್ 13ರ ಆಸುಪಾಸಿಗೆ ಬೀಳ್ತಿರುತ್ತೆ, ಆ ಗಳಿಗೆಯಲ್ಲಿ ರೆಗ್ಯುಲೇಟರ್ ಏನೂ ಮಾಡೋಕಾಗಲ್ಲ. 4700 ಮೈಕ್ರೋಫ್ಯಾರಡ್‌ನ ಹೊಸ ಕೆಪಾಸಿಟರ್ ಹಾಕಿದೆ. ಗುಂಯ್ ಮಾಯ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆ ಇರ್ತಿರಲಿಲ್ಲ. ಮುಚ್ಚಳ ತೆರೆದಿದ್ದಾಗ ಅಳೆದೆ, 13.8 ಇತ್ತು. ಮುಚ್ಚಳ ಹಾಕಿ, ಸ್ಕ್ರೂ ಬಿಗಿದು, ನೇರವಾಗಿ ಸೆಟ್ ಸಿಕ್ಕಿಸಿ ಸ್ವಿಚ್ ಹಾಕಿದೆ. ಡಿಸ್‌ಪ್ಲೇ ಯಾವತ್ತೂ ಇಲ್ಲದ ಹಾಗೆ ಝಗ್ಗಂತ ಹೊಳೀತು, ಆಮೇಲೆ ಸುಟ್ಟ ವಾಸನೆ. ಓಡಿ ಪ್ಲಗ್ ಕಿತ್ತೆ. ಮತ್ತೆ ಬರೀ ಸಪ್ಲೈ ಹಾಕಿ ನೋಡಿದರೆ ಔಟ್‌ಪುಟ್ 20 ವೋಲ್ಟ್!

ಔಟ್‌ಪುಟ್ ಟರ್ಮಿನಲ್‌ನಿಂದ ಬೋರ್ಡಿಗೆ ವಾಪಸ್ ಬರೋ ಸಣ್ಣ ಹಳದಿ ತಂತಿಯ ಸೋಲ್ಡರ್ ಬಿಟ್ಟಿತ್ತು. ಕೆಪಾಸಿಟರ್ ಬದಲಾಯಿಸುವಾಗ ನಾನೇ ಅದನ್ನ ಎಳೆದಾಡಿದ್ದು. ಅಂಟಿಕೊಂಡಂತೆ ಕೂತಿತ್ತು, ಮುಚ್ಚಳ ತಾಗಿದ್ದೇ ಬಿಟ್ಟುಕೊಂಡಿದೆ. ಔಟ್‌ಪುಟ್ ಎಷ್ಟಿದೆ ಅಂತ 723ಗೆ ಹೇಳೋದೇ ಆ ತಂತಿ. ಅದು ಹೋದರೆ ಐಸಿ ಔಟ್‌ಪುಟ್ ಸೊನ್ನೆ ಅಂದ್ಕೊಂಡು ಟ್ರಾನ್ಸಿಸ್ಟರನ್ನ ಪೂರ್ತಿ ತೆರೆದುಬಿಡುತ್ತೆ.

ದಯವಿಟ್ಟು ಮುಚ್ಚಳ ಹಾಕಿದ ಮೇಲೆ ಇನ್ನೊಂದು ಸಲ ಅಳೀರಿ. ಆಮೇಲೆ ಕಾರಿನ 12 ವೋಲ್ಟ್ 21 ವ್ಯಾಟ್ ಬಲ್ಬ್ ಹಾಕಿ ಅರ್ಧ ಗಂಟೆ ಬಿಡಿ, ಡಬ್ಬಿಯನ್ನ ಸ್ವಲ್ಪ ತಟ್ಟಿ ನೋಡಿ. ತಣ್ಣಗಿನ ಬಲ್ಬ್ ಮೊದಲ ಕ್ಷಣ ಜಾಸ್ತಿ ಕರೆಂಟ್ ಎಳೆಯುತ್ತೆ, ಕೆಲವು ಸಪ್ಲೈ ಅದಕ್ಕೇ ಹೆದರಿ ಕೂತುಬಿಡುತ್ತೆ. ಅದನ್ನ ನೋಡಿ ಮತ್ತೆ ಟ್ರಾನ್ಸಿಸ್ಟರ್ ಬಿಚ್ಚಬೇಡಿ.

ನಾನೀಗ ಔಟ್‌ಪುಟ್‌ಗೆ ವೋಲ್ಟೇಜ್ ಮಿತಿ ಮೀರಿದ್ದನ್ನ ಗುರುತಿಸೋ ಝೀನರ್ ಡಯೋಡ್ ಮತ್ತು ಅದರ ಸೂಚನೆಗೆ ಆನ್ ಆಗೋ ಎಸ್‌ಸಿಆರ್ ಅನ್ನೋ ಸ್ವಿಚ್ ಸೇರಿಸಿದ್ದೀನಿ, ವೋಲ್ಟೇಜ್ 15 ದಾಟಿದರೆ ಅದು ಔಟ್‌ಪುಟ್ ಶಾರ್ಟ್ ಮಾಡಿ ಫ್ಯೂಸ್ ಹಾರಿಸುತ್ತೆ. ಹಳದಿ ತಂತಿಗೆ ಸೋಲ್ಡರ್ ಜೊತೆ ಒಂದು ಗಂಟೂ ಬಿದ್ದಿದೆ.