ಮನೆಗೇ ಬಂದು ಬ್ಲಡ್ ತಗೊಂಡು ಹೋಗೋ ಲ್ಯಾಬ್ ಸರ್ವಿಸ್: ಕೀಮೋ ಪೇಷಂಟ್ ಕೊಡ್ತಿರೋ 4 ಸ್ಟಾರ್

ಮೊದಲೇ ಹೇಳ್ಬಿಡ್ತೀನಿ, ಲ್ಯಾಬ್ ಹೆಸರು ಹಾಕಲ್ಲ, ಕೆಳಗೆ ಬೈದಿರೋದೂ ಇದೆ, ರಕ್ತ ತಗೊಳೋಕೆ ಬರೋ ಹುಡುಗನ ಕೆಲಸಕ್ಕೆ ಕುತ್ತು ಬರೋದು ಬೇಡ. ಮೈಸೂರಲ್ಲಿ ಈ ಸರ್ವಿಸ್ ಕೊಡೋರು ಸುಮಾರು ಜನ ಇದಾರೆ, ಯಾರನ್ನ ಕರೆಸಿದ್ರೂ ಇದು ಉಪಯೋಗಕ್ಕೆ ಬರುತ್ತೆ.

ನನಗೆ ತಲೇಲಿ ಗ್ಲಿಯೋಬ್ಲಾಸ್ಟೋಮಾ, ಅಂದ್ರೆ ಮೆದುಳಿನ ಕ್ಯಾನ್ಸರ್ ಗಡ್ಡೆ, ಎಡಗಡೆ. ನಿಮ್ಹಾನ್ಸಲ್ಲಿ ಆಪರೇಷನ್ ಆಯ್ತು, ಆಮೇಲೆ ಬೆಂಗಳೂರಲ್ಲೇ ಚಿಕ್ಕಮ್ಮನ ಮನೇಲಿದ್ಕೊಂಡು ಆರು ವಾರ 30 ರೇಡಿಯೇಷನ್, ಈಗ ಊರಿಗೆ ಬಂದು ಟೆಮೊಝೊಲೊಮೈಡ್ ಕ್ಯಾಪ್ಸೂಲ್. ಕೀಮೋ ಅಂದ್ರೆ ಎಲ್ರೂ ಡ್ರಿಪ್ ಹಾಕ್ಕೊಂಡು ಮಲಗಿರೋದು ಅನ್ಕೋತಾರೆ, ನಂದು ಹಂಗಲ್ಲ, ರಾತ್ರಿ ಖಾಲಿ ಹೊಟ್ಟೇಲಿ ಮೊದಲು ವಾಂತಿ ಮಾತ್ರೆ, ಒಂದು ಗಂಟೆ ಬಿಟ್ಟು ಕ್ಯಾಪ್ಸೂಲು, ನುಂಗಿ ಮಲ್ಕೊಳೋದು. ಐದು ದಿನ ಹಿಂಗೆ, ಉಳಿದ 23 ದಿನ ರಜಾ, ಇದು ಒಂದು ಸೈಕಲ್. ರಜಾ ಅನ್ನೋದು ಹೆಸರಿಗೆ ಅಷ್ಟೆ, ಮೂರ್ನಾಲ್ಕನೇ ವಾರಕ್ಕೆ ಪ್ಲೇಟ್‌ಲೆಟ್ಟು, ಬಿಳಿ ರಕ್ತಕಣ ಎಲ್ಲಾ ಕೆಳಗಿಳಿಯೋದು ಆವಾಗ್ಲೇ. ಅದಕ್ಕೆ 22ನೇ ದಿನ ಒಂದು ಸಿಬಿಸಿ, ಅಂದ್ರೆ ರಕ್ತಕಣ ಎಣಿಸೋ ಟೆಸ್ಟು, ಮುಂದಿನ ಸೈಕಲ್‌ಗೆ ಮುಂಚೆ ಇನ್ನೊಂದು. ಪ್ಲೇಟ್‌ಲೆಟ್ 1 ಲಕ್ಷ, ನ್ಯೂಟ್ರೋಫಿಲ್ (ಬಿಳಿ ರಕ್ತಕಣದಲ್ಲೇ ಒಂದು ಬಗೆ) 1500 ಇಲ್ಲಾಂದ್ರೆ ಕ್ಯಾಪ್ಸೂಲ್ ಇಲ್ಲ, ಕಾಯ್ತಾ ಕೂತ್ಕೋ.

ಫಿಟ್ಸ್ ಬಂದ್ಮೇಲೆ ಗಾಡಿ ಮುಟ್ಟೋ ಹಂಗಿಲ್ಲ, ಕೆಮ್ಮೋರ ಮಧ್ಯೆ ಟೋಕನ್ ಹಿಡ್ಕೊಂಡು ಕೂರೋದೂ ಬೇಡ ಅಂದ್ರು ಡಾಕ್ಟ್ರು, ಹಂಗಾಗಿ ಹೋಮ್ ಕಲೆಕ್ಷನ್.

ಹುಡುಗನಿಗೆ ಐದಕ್ಕೆ ಐದು. ಬೆಳಿಗ್ಗೆ ಆರೂವರೆ ಅಂದ್ರೆ ಆರೂವರೆಗೇ ಗೇಟ್ ಸದ್ದು ಕೇಳ್ಸುತ್ತೆ. ಸ್ಟಿರಾಯ್ಡ್ ತಿಂದು ತಿಂದು ನನ್ನ ಚರ್ಮ ಈರುಳ್ಳಿ ಸಿಪ್ಪೆ ಥರ ಆಗಿದೆ, ಮೊದಮೊದಲು ಬಂದವರು ಎರಡು ಮೂರು ಸಲ ಚುಚ್ಚಿ ಮೊಣಕೈ ಹತ್ರ ನೇರಳೆಹಣ್ಣಿನ ಬಣ್ಣ ಮಾಡಿಟ್ಟು ಹೋಗ್ತಿದ್ರು. ಇವನು ಬೆರಳಲ್ಲಿ ಒತ್ತಿ ಒತ್ತಿ ನೋಡಿ, ಮಕ್ಕಳಿಗೆ ಹಾಕೋ ಸಣ್ಣ ಬಟರ್‌ಫ್ಲೈ ಸೂಜಿ ತೆಗೀತಾನೆ, ಒಂದೇ ಸಲಕ್ಕೆ ಮುಗೀತು. ಟ್ಯೂಬ್ ಮೇಲೆ ಹೆಸರೂ ನನ್ನ ಎದುರಿಗೇ ಬರೀತಾನೆ.

ಇನ್ನೊಂದು ವಿಷ್ಯ. ಗಡ್ಡೆ ಇದ್ದಿದ್ದು ಮಾತಿನ ಜಾಗದ ಹತ್ರ, ಹಂಗಾಗಿ ನನಗೆ ಪದಗಳು ಕೈ ಕೊಡ್ತವೆ. ಒಂದಿನ ಕೈ ಕೆಳಗೆ ಇಟ್ಕೊಳೋಕೆ ದಿಂಬು ಬೇಕಿತ್ತು, 'ಅದು... ತಲೆಗೆ... ಹಾಕ್ಕೊಳೋದು...' ಅಂತ ಒದ್ದಾಡ್ತಿದೀನಿ. ಸಾಮಾನ್ಯ ಎಲ್ರೂ ನಮ್ಮ ಬಾಯಿಗೆ ಪದ ತುರುಕ್ತಾರೆ, ಟೋಪಿನಾ ಟವಲ್ಲಾ ಅಂತ. ಇವನು ಗ್ಲೌಸ್ ಹಾಕ್ಕೊಳೋದನ್ನೇ ನಿಧಾನ ಮಾಡ್ದ. ದಿಂಬು ಅಂತ ನನ್ನ ಬಾಯಿಂದಾನೇ ಬಂತು, 'ತಗೊಳಿ ಸಾರ್' ಅಂತ ಸೋಫಾ ಮೇಲಿಂದ ಎತ್ತಿ ಕೊಟ್ಟ.

ಈಗ ಬೈಗುಳ. ಬುಕಿಂಗ್ ಫೋನಲ್ಲಿ ಕೂತಿರೋರು ಏನು ಟೆಸ್ಟ್ ಅಂತಾನೂ ನೋಡ್ದೆ 'ಹತ್ತು ಗಂಟೆ ಫಾಸ್ಟಿಂಗ್ ಇರಿ' ಅಂತಾರೆ. ಸಿಬಿಸಿಗೆ ಫಾಸ್ಟಿಂಗ್ ಬೇಡ ಕಣ್ರೀ! ಮೊದಲನೇ ಸಲ ನಂಬಿ ಕಾಫಿ ಬಿಡಿ, ಬೆಳಗಿನ ಫಿಟ್ಸ್ ಮಾತ್ರೆನೂ ತಗೊಳ್ದೆ ಕೂತಿದ್ದೆ, ನನ್ನವಳು ಬಂದು ಬೈದು ನುಂಗ್ಸಿದ್ಲು. ಆ ಮಾತ್ರೆ ಮಾತ್ರ ಯಾರು ಏನಂದ್ರೂ ನಿಮ್ಮಷ್ಟಕ್ಕೆ ನೀವು ನಿಲ್ಲಿಸ್ಬೇಡಿ, ಡಾಕ್ಟ್ರನ್ನ ಕೇಳಿ.

ಎರಡನೇದು, ಮೂರನೇ ಸೈಕಲ್‌ಗೆ ಮುಂಚೆ ಆಗಿದ್ದು. ರಾತ್ರಿ ಹನ್ನೊಂದಕ್ಕೆ ವಾಟ್ಸಾಪಲ್ಲಿ ರಿಪೋರ್ಟು, ಪ್ಲೇಟ್‌ಲೆಟ್ 58 ಸಾವಿರ, ಕೆಂಪಕ್ಷರ. ಫೋನ್ ಮಾಡಿ ಹೇಳೋರಿಲ್ಲ, ಕೇಳೋಣ ಅಂದ್ರೆ ಕಸ್ಟಮರ್ ಕೇರ್ ಎತ್ತಲ್ಲ. ರಾತ್ರಿಯೆಲ್ಲಾ ಇಬ್ರೂ ರಕ್ತ ಬರ್ತಿದೆಯಾ ಅಂತ ವಸಡು ನೋಡೋದು, ಕಾಲಲ್ಲಿ ಕೆಂಪು ಚುಕ್ಕೆ ಇದೆಯಾ ಅಂತ ಟಾರ್ಚ್ ಬಿಟ್ಟು ಹುಡುಕೋದು. ಬೆಳಿಗ್ಗೆ ಡಾಕ್ಟ್ರು ಕೇಳಿದ್ದು ಒಂದೇ ಪ್ರಶ್ನೆ, ಸ್ಮಿಯರ್ (ರಕ್ತದ ಹನೀನ ಸ್ಲೈಡ್ ಮೇಲೆ ಸವರಿ ಮೈಕ್ರೋಸ್ಕೋಪಲ್ಲಿ ನೋಡೋದು) ನೋಡಿದ್ರಾ? ನೋಡಿರಲಿಲ್ಲ. ನೇರಳೆ ಮುಚ್ಚಳದ ಟ್ಯೂಬಲ್ಲಿ ರಕ್ತ ಹೆಪ್ಪುಗಟ್ಟದ ಹಂಗೆ ಇಡಿಟಿಎ ಅನ್ನೋ ಕೆಮಿಕಲ್ ಇರುತ್ತೆ, ಕೆಲವರ ರಕ್ತದಲ್ಲಿ ಅದರಿಂದ ಪ್ಲೇಟ್‌ಲೆಟ್ ಗುಂಪು ಗುಂಪಾಗಿ ಅಂಟ್ಕೊಳುತ್ತಂತೆ, ಮೆಷಿನ್ ಆ ಗುಂಪನ್ನ ಪ್ಲೇಟ್‌ಲೆಟ್ ಅಂತ ಎಣಿಸೋದೇ ಇಲ್ಲ. ಹುಡುಗ ಮತ್ತೆ ಬಂದು ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಲ್ಲಿ ತಗೊಂಡು ಹೋದ, 1 ಲಕ್ಷ 34 ಸಾವಿರ ಬಂತು. ಒಂದು ಸ್ಟಾರ್ ಕಟ್ ಆಗಿದ್ದು ಇದಕ್ಕೇ. ಮೆಷಿನ್ ಅಷ್ಟು ಕಮ್ಮಿ ತೋರ್ಸಿದಾಗ ಒಂದು ಸ್ಲೈಡ್ ನೋಡಿ ಆಮೇಲೆ ಕಳ್ಸೋಕೆ ಏನ್ರೀ ರೋಗ. ಹಂಗಂತ ಕಮ್ಮಿ ಬಂದಿದ್ದೆಲ್ಲಾ ಸುಳ್ಳು ಅನ್ಕೋಬೇಡಿ, ನಾಲ್ಕನೇ ಸೈಕಲ್‌ಗೆ ನಿಜವಾಗ್ಲೂ 86 ಸಾವಿರಕ್ಕೆ ಇಳಿದು ಒಂದು ವಾರ ಮುಂದಕ್ಕೆ ಹೋಯ್ತು.

ಮತ್ತೆ ಆ ಮೆಸೇಜುಗಳು. ವಾರಕ್ಕೊಂದು ಬರುತ್ತೆ, 'ಕ್ಯಾನ್ಸರ್ ಸ್ಕ್ರೀನಿಂಗ್ ಪ್ಯಾಕೇಜ್, ಅರ್ಧ ಬೆಲೆ, ಇಂದೇ ಪರೀಕ್ಷಿಸಿಕೊಳ್ಳಿ'. ನನ್ನವಳು ಓದಿ 'ರೀ, ಆಫರ್ ಇದೆ, ಮಾಡಿಸ್ತೀರಾ' ಅಂತಾಳೆ.

ರೇಟು ನಮ್ಮ ಏರಿಯಾಗೆ ಸಿಬಿಸಿ 350, ಮನೆಗೆ ಬರೋಕೆ 100, ಆಟೋ ಲೆಕ್ಕ ಹಾಕಿದ್ರೆ ಜಾಸ್ತಿ ಏನಲ್ಲ. ಬುಕ್ ಮಾಡೋವಾಗ ಬಟರ್‌ಫ್ಲೈ ಸೂಜಿ ಬೇಕು ಅಂತ ಮೊದಲೇ ಹೇಳಿ, ನನ್ನ ಥರ ಗುಂಪು ಕಟ್ಟೋ ರಕ್ತ ಆದ್ರೆ ನೀಲಿ ಟ್ಯೂಬೂ ತರೋಕೆ ಹೇಳಿ. ಐದನೇ ಸೈಕಲ್ ಸೋಮವಾರ ಶುರು ಆಗ್ಬೇಕು, ಶುಕ್ರವಾರ ಆರೂವರೆ ಸ್ಲಾಟ್ ಸಿಕ್ಕಿದೆ, ಅದೇ ಹುಡುಗ.